ಪಾದ್ರಿಯ ಕುರ್ಚಿ

ಜಾಲರಿಯ ಆಚೆ ಯಾರೋ ಮಂಡಿಯೂರಿ, "ಪಾಪ ಮಾಡಿದೀನಿ ಫಾದರ್" ಅಂದಾಗ ಮುದುಕಿ ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು. ದನಿ ಅವಳ ಮಗನದು.

ಮೆಥಡಿಸ್ಟರ ಚಾಪೆಲ್ ಮಾರಾಟವಾಗಿ ಕ್ಯಾಥೊಲಿಕ್ ಚರ್ಚಾದ ಮೇಲೆ ಅವಳು ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ಅವಳ ಗಂಡ ನಿಂತು ಬೋಧಿಸುತ್ತಿದ್ದ ಪ್ರಸಂಗಪೀಠವನ್ನು ಒಡೆದು, ಅದರ ಹಲಗೆಗಳಿಂದ ಪಾದ್ರಿ ಜಾಲರಿಯ ಹಿಂದೆ ಕೂತು ಜನರ ಪಾಪ ಕೇಳುವ ಪಾಪನಿವೇದನೆಯ ಗೂಡು ಮಾಡಿಬಿಟ್ಟಿದ್ದರು. ಹಲಗೆಯ ಗುರುತು ಹಿಡಿದವಳು ಅದನ್ನು ಸವರುತ್ತಾ ಸವರುತ್ತಾ ಒಳಹೊಕ್ಕು ಪಾದ್ರಿಯ ಕುರ್ಚಿಯಲ್ಲೇ ಕೂತಿದ್ದಳು. ಹುಟ್ಟಿದಾಗಿನಿಂದ ತನ್ನ ಪಾಪಗಳನ್ನು ನೇರ ದೇವರಿಗೇ ಹೇಳಿಕೊಂಡು ಬಂದವಳಿಗೆ ಯಾರು ಯಾವ ಕಡೆ ಕೂರಬೇಕೆಂದು ಹೇಗೆ ಗೊತ್ತಾಗಬೇಕು? ಮಗನೇನೋ ಮಾರಾಟದ ಮರುವಾರವೇ ಹೆಂಡತಿಯ ಕಡೆಯವರ ಜೊತೆ ಈ ಕ್ಯಾಥೊಲಿಕ್ ಚರ್ಚಿಗೆ ಸೇರಿದ್ದ.

"ಚಾಪೆಲ್ ಮಾರೋಕೆ ಒಂದು ವೋಟು ಕಮ್ಮಿ ಇತ್ತು ಫಾದರ್. ಮಾವನ ಮಾತು ಕೇಳಿ ಗುಟ್ಟಾಗಿ ಹಾಕಿದ್ದು ನಾನೇ. ಆ ಕೊರಗಲ್ಲೇ ಅಪ್ಪ ಹೋಗ್ಬಿಟ್ರು. ವೋಟು ಹಾಕಿದ ಕೈಗೆ ಹುಳ ಬೀಳ್ಲಿ ಅಂತ ಅವ್ವ ದಿನಾ ಶಾಪ ಹಾಕ್ತಾಳೆ. ಅವಳು ಬಡಿಸಿದ್ದನ್ನ ಅದೇ ಕೈಲಿ ತಿಂತೀನಿ." ಅವನು ಮೂಗೊರೆಸಿಕೊಂಡ. "ಹೇಳ್ಬಿಟ್ರೆ ಕ್ಷಮಿಸ್ತಾಳಾ ಫಾದರ್?"

ಬಾಯಿಗೆ ಒತ್ತಿಕೊಂಡಿದ್ದ ಅಂಗೈಯನ್ನು ಮುದುಕಿ ತೆಗೆದಳು.

"ಇಲ್ಲ ಕಣೋ," ಅಂದಳು.