ಕೆಟ್ಟ ಕರೆಗಂಟೆ

ಕರೆಗಂಟೆ ಸರಿಯಾಗಿಯೇ ಇದೆಯೆಂದು ಹೇಳಿ ಮೊದಲನೆಯ ಎಲೆಕ್ಟ್ರಿಷಿಯನ್ ಕೂಲಿ ಪಡೆದು ಹೋಗಿದ್ದ. ಪಂಕಜಾಕ್ಷಿಗೆ ನಂಬಿಕೆ ಬರಲಿಲ್ಲ. ದೀಪಾವಳಿಗೂ ಸದ್ದು ಮಾಡದ ಗಂಟೆ ಸರಿಯಿರುವುದುಂಟೇ? ಇನ್ನೊಬ್ಬನನ್ನು ಕರೆಸಿದಳು.

ಅವನು ತಂತಿಗಳನ್ನೆಲ್ಲ ನೋಡಿ ಸ್ವಿಚ್ಚು ಒತ್ತಿದ. ಒಳಗೆ ಹಕ್ಕಿಯ ದನಿ ಚಿಲಿಪಿಲಿಗುಟ್ಟಿತು.

“ಚೆನ್ನಾಗೇ ಇದೆಯಲ್ಲಮ್ಮ. ಮೊದಲು ಬಂದವನು ಹೇಳಿದ್ದು ನಿಜ.”

“ಮತ್ತೆ ಯಾಕಪ್ಪ ಹೊಡ್ಕೊಳ್ಳೋದೇ ಇಲ್ಲ?”

“ಯಾರಾದ್ರೂ ಒತ್ತಿದ್ರೆ ತಾನೇ ಹೊಡ್ಕೊಳ್ಳೋದು?”

ಪಂಕಜಾಕ್ಷಿ ಬಾಗಿಲ ಹಿಡಿಗೆ ಕೈ ಹಾಕಿದಳು.

“ಬಾಗಿಲು ಹಾಕ್ಕೊಂಡು ಅಡುಗೆಮನೆಗೆ ಹೋಗ್ತೀನಿ. ಇನ್ನೊಂದ್ಸಲ ಒತ್ತಪ್ಪ. ಅಲ್ಲಿಗೂ ಕೇಳುತ್ತಾ ನೋಡ್ಬೇಕು.”

ಅವನು ಒತ್ತಿದ.

ಪಂಕಜಾಕ್ಷಿ ಅವಸರದಲ್ಲಿ ಕೂದಲು ತೀಡಿಕೊಂಡು, ಸೆರಗು ಸರಿಪಡಿಸಿಕೊಂಡು, ಅಡುಗೆಮನೆಯಿಂದಲೇ ಕೂಗಿದಳು:

“ಬಂದೆ, ಬಂದೆ! ಹೊರಟುಹೋಗ್ಬೇಡಿ!”