ಆರತಿ ನೀರಿಗೆ ನಿಂಬೆಹಣ್ಣು

ಅರಿಸಿನಕ್ಕೆ ಸುಣ್ಣ ಕಲಸಿದ ವಾಸನೆ ಬಂದರೆ ಈಗಲೂ ಹಂಗಳ ಊರಿನ ನಮ್ಮ ಮನೆಯ ಹೊಸ್ತಿಲು ಕಣ್ಣಿಗೆ ಕಟ್ಟುತ್ತದೆ.

ಒಂದು ದಿನ ಶಾಲೆಯಲ್ಲಿ ಮೇಡಂ ಅರಿಸಿನ ಬಳಿದ ಕಾಗದದ ಮೇಲೆ ಸೋಪಿನ ನೀರು ಬಿಟ್ಟರು. ಅದು ಕೆಂಪಾಯಿತು. “ಆರತಿ ನೀರು!” ಎಂದು ನಾವೆಲ್ಲ ಕೂಗಿದೆವು. ಮೇಡಂ ನಕ್ಕು ನಿಂಬೆಹಣ್ಣು ಹಿಂಡಿದರು. ಕೆಂಪು ಮತ್ತೆ ಹಳದಿಯಾಯಿತು! ಇದು ಮಾತ್ರ ನಮಗೆ ಗೊತ್ತಿರಲಿಲ್ಲ.

ಮನೆಗೆ ಓಡಿದೆ. ಆಸ್ಪತ್ರೆಯಿಂದ ಹಸುಗೂಸಿನೊಂದಿಗೆ ಬಂದಿದ್ದ ಸೋದರತ್ತೆಗೆ ದೃಷ್ಟಿ ತೆಗೆಯಲು ಅಜ್ಜಿ ತಟ್ಟೆಯಲ್ಲಿ ಕೆಂಪು ಆರತಿ ನೀರು ಹಿಡಿದು ನಿಂತಿದ್ದಳು. ನಾನು ಅಡುಗೆಮನೆಯಿಂದ ನಿಂಬೆಹಣ್ಣಿನ ಹೋಳು ತಂದು ಅದಕ್ಕೆ ಹಿಂಡಿಯೇಬಿಟ್ಟೆ. ತಟ್ಟೆಯೆಲ್ಲ ಹಳದಿ!

“ಅಯ್ಯೋ, ಏನ್ ಮಾಡ್ಬುಟ್ಟೆ ಅಮ್ಮಿ!” ಎಂದ ಅಜ್ಜಿ, ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಕದಡಿದಳು. ನೀರು ಕೆಂಪಾಯಿತು. ಅವಳ ಕಣ್ಣು ಅರಳಿತು.

“ಇನ್ನೊಂದ್ ಸಲ ಇಂಡಮ್ಮಿ, ನೋಡನ!”

ಹೊಸ್ತಿಲಾಚೆ ಸೋದರತ್ತೆ ಕೂಸನ್ನೆತ್ತಿಕೊಂಡು ನಿಂತೇ ಇದ್ದಳು.