ರಿಜಿಸ್ಟರಿನ ಮೊದಲ ಹೆಸರು

ಅಂದು ಬೆಳಿಗ್ಗೆ ಅತ್ತೆ ಅಲಮೇಲಮ್ಮ ಸೊಸೆಯ ತಟ್ಟೆ ಲೋಟಗಳನ್ನು ಅಡುಗೆಮನೆಯಿಂದ ತೆಗೆದು ಹಿತ್ತಿಲ ಕಟ್ಟೆಯ ಮೇಲಿಟ್ಟಳು. ಕಮಲಾಕ್ಷಮ್ಮನಿಗೆ ಅರ್ಥವಾಯಿತು. ನಾಲ್ಕು ತಿಂಗಳಾಗಿತ್ತು, ಇನ್ನು ಸೆರಗಿನಲ್ಲಿ ಮುಚ್ಚಿಡುವಂತಿರಲಿಲ್ಲ.

ಬೇರೆ ಮನೆಯಾಗಿದ್ದರೆ ಬಸುರಿಗೆ ಬಯಕೆ ಏನೆಂದು ಕೇಳುತ್ತಿದ್ದರು. ಆದರೆ ಅವಳ ಗಂಡ ಸುಬ್ಬಕೃಷ್ಣನನ್ನು ಗುಬ್ಬಿಯವರೆಲ್ಲ ಗುರುತಿಸುತ್ತಿದ್ದದ್ದೇ ಎರಡು ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡ ಗ್ರಾಮಸೇವಕ ಎಂದು.

ಅರವತ್ತೈದನೆಯ ಇಸವಿಯಲ್ಲಿ ನಿಟ್ಟೂರಿನ ಶಾಲೆಯಲ್ಲಿ ಗಂಡಸರ ಆಪರೇಷನ್ ಕ್ಯಾಂಪು ನಡೆದಾಗ ಒಬ್ಬನೂ ಮುಂದೆ ಬಂದಿರಲಿಲ್ಲ. ಮೊದಲು ನಿಮ್ಮದಾಗಲಿ ಸ್ವಾಮಿ ಎಂದು ರೈತರು ನಕ್ಕಿದ್ದರು. ಮೇಲಧಿಕಾರಿಗಳು ನಗದೆ ಅದನ್ನೇ ಹೇಳಿದ್ದರು. ಕೊನೆಗೆ ರಿಜಿಸ್ಟರಿನಲ್ಲಿ ಮೊದಲ ಹೆಸರು ಸುಬ್ಬಕೃಷ್ಣನದೇ ಬಿತ್ತು. ಮೂರನೆಯ ದಿನ ಅವನು ಊರ ಬೀದಿಯಲ್ಲಿ ಸಲೀಸಾಗಿ ಸೈಕಲ್ ತುಳಿದದ್ದನ್ನು ಕಂಡು ಇಪ್ಪತ್ತೆಂಟು ಜನ ಧೈರ್ಯ ಮಾಡಿದರು. ತುಮಕೂರಿನ ಸಭೆಯಲ್ಲಿ ಅವನಿಗೆ ಶಾಲು ಹೊದಿಸಿದರು. ಬಡ್ತಿಯ ಪಟ್ಟಿಗೂ ಹೆಸರು ಸೇರಿತು. ಇದೆಲ್ಲ ನಡೆದು ಒಂದೂವರೆ ವರ್ಷವಾದ ಮೇಲೆ ಹೆಂಡತಿ ಬಸುರಿ.

ಊರ ಬಾಯಿಗೆ ಬೀಗ ಉಂಟೆ? ಎದುರುಮನೆಯ ಮಂಜುಳಮ್ಮ ಬೆರಳು ಮಡಿಸಿ ತಿಂಗಳೆಣಿಸಿದಳು. ಹಾಲಿನವನಿಂದ ಹಿಡಿದು ಪಾಠ ಹೇಳಲು ಬರುತ್ತಿದ್ದ ಮುದಿ ಮೇಷ್ಟರವರೆಗೆ, ಆ ಮನೆಯ ಹೊಸ್ತಿಲು ತುಳಿದವರೆಲ್ಲರ ಹೆಸರೂ ಬಂತು.

ಸುಬ್ಬಕೃಷ್ಣ ಬೈಯಲಿಲ್ಲ, ಕೈಯೆತ್ತಲಿಲ್ಲ. ಬೇರೆ ಗಂಡಸಾಗಿದ್ದರೆ ಕಡಿದು ಹಾಕುತ್ತಿದ್ದ, ಇವನು ದೇವರಂಥವನು ಎಂದು ಬೀದಿಯೆಲ್ಲ ಹೊಗಳಿತು. ಆ ದೇವರು ಹೆಂಡತಿಯ ಮುಖ ನೋಡುವುದನ್ನು ಮಾತ್ರ ಬಿಟ್ಟಿದ್ದ. ಒಂದು ಸಂಜೆ ಅವಳೇ ಎದುರು ನಿಂತಳು. ಎರಡು ಮಕ್ಕಳ ಮೇಲೂ ಆಣೆಯಿಟ್ಟು, ತಾನು ತಪ್ಪು ಮಾಡಿಲ್ಲ ಎಂದಳು.

"ನಿಮಗೂ ನನ್ನ ಮೇಲೆ ಅನುಮಾನಾನಾ?"

"ನಾನು ಯಾವತ್ತಾದ್ರೂ ಹಾಗಂದಿದೀನಾ?"

"ಹಾಗಾದ್ರೆ ಅತ್ತೆಗೆ ಒಂದು ಮಾತು ಹೇಳಿ."

"ಏನಂತ ಹೇಳ್ಲಿ ಕಮಲಾ? ಆಪರೇಷನ್ ಆದ್ಮೇಲೆ ಮಕ್ಕಳಾಗಲ್ಲ ಅಂತ ಊರೂರಿಗೆ ಸಾರ್ಕೊಂಡು ಬಂದವನು ನಾನೇ."

ಆ ವಾರವೇ ಅಲಮೇಲಮ್ಮ ಸೊಸೆಯನ್ನು ಕುಣಿಗಲ್ಲಿನ ಅಣ್ಣನ ಮನೆಗೆ ಅಟ್ಟಿದಳು. ಮಕ್ಕಳನ್ನು ಬಿಡಲಿಲ್ಲ, ಅವೆರಡು ನಮ್ಮ ವಂಶದವು, ಇಲ್ಲೇ ಇರಲಿ ಎಂದಳು. ಚಿಕ್ಕದು ಬಸ್ಸಿನವರೆಗೂ ಅಳುತ್ತ ಓಡಿ ಬಂತು.

ಅಣ್ಣ ವೆಂಕಟೇಶಯ್ಯ ತಂಗಿಯನ್ನು ನಂಬಿದನೋ ಇಲ್ಲವೋ, ತುಮಕೂರಿನ ಲೇಡಿ ಡಾಕ್ಟರ ಬಳಿಗಂತೂ ಕರೆದುಕೊಂಡು ಹೋದ. ಡಾಕ್ಟರು ಎಲ್ಲ ಕೇಳಿದರು. ಕತ್ತರಿಸಿದ ನಾಳ ಸಾವಿರದಲ್ಲಿ ಒಬ್ಬರಿಗೆ ತಾನಾಗಿ ಕೂಡಿಕೊಳ್ಳುವುದುಂಟು, ಗಂಡ ಒಮ್ಮೆ ಬಂದು ಪರೀಕ್ಷೆ ಮಾಡಿಸಿಕೊಂಡರೆ ನಿಜ ತಿಳಿಯುತ್ತದೆ, ಆಮೇಲೆ ಯಾರು ಕೇಳಿದರೂ ತೋರಿಸಲು ತಾನೇ ಬರೆದುಕೊಡುತ್ತೇನೆ ಎಂದರು.

ಕಮಲಾಕ್ಷಮ್ಮ ಎಷ್ಟೋ ದಿನದ ಮೇಲೆ ಅಂದು ಹೊಟ್ಟೆತುಂಬ ಉಂಡಳು. ಸಾವಿರದಲ್ಲಿ ಒಬ್ಬ, ಆ ಒಬ್ಬ ತನ್ನ ಗಂಡ. ಇನ್ನೇನು, ಮಕ್ಕಳ ಬಳಿಗೆ ಹೋಗಬಹುದು.

ಗಂಡನಿಗೆ ಕಾಗದ ಬರೆದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಕಡೆಗೆ ಅಣ್ಣನೇ ಗುಬ್ಬಿಗೆ ಹೋದ. ಸುಬ್ಬಕೃಷ್ಣ ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಡಿಸಿ, ನೆಲ ನೋಡುತ್ತ ಒಂದೇ ಮಾತು ಹೇಳಿದನಂತೆ.

"ಆ ಪರೀಕ್ಷೆಗೆ ಮಾತ್ರ ನಾನು ಬರಲ್ಲ ಭಾವ."

ಅವರಿಗೆ ಭಯ ಎಂದುಕೊಂಡಳು ಕಮಲಾಕ್ಷಮ್ಮ. ನಾಳ ಕೂಡಿಲ್ಲ ಎಂದು ಗೊತ್ತಾಗಿಬಿಟ್ಟರೆ ಹೆಂಡತಿಯನ್ನು ಪೂರ್ತಿ ಬಿಡಬೇಕಾದೀತಲ್ಲ ಎಂಬ ಭಯ. ಅಷ್ಟೊಂದು ಪ್ರೀತಿ ಇದೆ ನನ್ನ ಮೇಲೆ ಎಂದು ಕಣ್ಣೊರೆಸಿಕೊಂಡಳು. ಬೀದಿಗೆ ಬಿಟ್ಟವನಿಗಾಗಿಯೇ ಮರುಗುವ ಇಂಥ ಹುಚ್ಚಿಯರೂ ಇರುತ್ತಾರೆ.

ಡಾಕ್ಟರು ಇನ್ನೊಂದು ದಾರಿ ತೋರಿಸಿದರು. ಆಪರೇಷನ್ ಮಾಡಿದ ಸರ್ಜನ್ ಯಾರೆಂದು ತಿಳಿದುಕೊಂಡು ಬಂದರೆ, ಇಂಥದ್ದು ಆಗಬಹುದೆಂದು ಅವರಿಂದಲೇ ಬರೆಸಿಕೊಡುತ್ತೇನೆ ಎಂದರು. ಏಳು ತಿಂಗಳ ಬಸುರಿ ಹೆಬ್ಬೂರಿನ ದಾರಿಯ ಧೂಳು ಕುಡಿಯುತ್ತ ಬಸ್ಸಿನಲ್ಲಿ ತುಮಕೂರಿಗೆ, ಅಲ್ಲಿಂದ ರೈಲಿನಲ್ಲಿ ಗುಬ್ಬಿಗೆ ಬಂದಳು. ಮನೆಯ ಬೀದಿಗೆ ಕಾಲಿಡದೆ ನೇರ ಹೆಲ್ತ್ ಇನ್‌ಸ್ಪೆಕ್ಟರ್ ಷಡಕ್ಷರಿಯ ಆಫೀಸಿಗೆ ಹೋದಳು. ಅವನು ಕ್ಯಾಂಪು ಮುಗಿದ ಮೇಲೆ ವರ್ಗವಾಗಿ ಬಂದವನು. ಗ್ರಾಮಸೇವಕರ ಮನೆಯವರೆಂದು ಕುರ್ಚಿ ಹಾಕಿಸಿ, ಬೀರುವಿನಿಂದ ನಿಟ್ಟೂರು ಕ್ಯಾಂಪಿನ ರಿಜಿಸ್ಟರ್ ತೆಗೆದ.

ಸರ್ಜನ್ ಹೆಸರು ಮೇಲೆಯೇ ಇತ್ತು. ಅವನು ಅದನ್ನು ಚೀಟಿಯಲ್ಲಿ ಬರೆದುಕೊಟ್ಟ. ನಿಮ್ಮ ಯಜಮಾನರದೇ ಮೊದಲ ಹೆಸರು ಎಂದು ಹೆಮ್ಮೆಯಿಂದ ಆ ಸಾಲಿನ ಮೇಲೆ ಬೆರಳಾಡಿಸಿದವನು, ಸಾಲಿನ ಕೊನೆಗೆ ಬಂದು ನಿಂತುಬಿಟ್ಟ.

"ತಾಯಿ, ಯಜಮಾನ್ರು ಓದಿದವ್ರಲ್ವಾ?"

ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಎಂದಳು ಅವಳು. ಷಡಕ್ಷರಿ ರಿಜಿಸ್ಟರನ್ನು ಅವಳ ಕಡೆಗೆ ತಿರುಗಿಸಿದ.

ಸುಬ್ಬಕೃಷ್ಣ ಎಂಬ ಹೆಸರಿನ ಮುಂದೆ, ಆಪರೇಷನ್ ಮಾಡಿಸಿಕೊಂಡವರು ಸಹಿ ಹಾಕುವ ಜಾಗದಲ್ಲಿ, ಯಾರದೋ ಹೆಬ್ಬೆಟ್ಟಿನ ಗುರುತಿತ್ತು.